ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ತ್ರೈಮಾಸಿಕ ಲಾಭ ನೋಡಿ ಮಾರುಕಟ್ಟೆ ಹೇಗಿದೆ ಅಂತ ಹೇಳಬಹುದೇ?

ಹೇಳಬಹುದು, ಆದರೆ ನಿವ್ವಳ ಲಾಭದ ಒಂದೇ ಸಾಲು ನೋಡಿ ಅಲ್ಲ. ಇಂಥ ಬ್ಯಾಂಕಿಗೆ ಎರಡು ಮುಖ್ಯ ಕೆಲಸ: ಷೇರು, ಬಾಂಡ್‌ಗಳ ವಹಿವಾಟು (ಟ್ರೇಡಿಂಗ್), ಮತ್ತು ಕಂಪನಿಗಳಿಗೆ ಬಂಡವಾಳ ಎತ್ತಲು, ವಿಲೀನವಾಗಲು ನೆರವಾಗಿ ಶುಲ್ಕ ಪಡೆಯುವುದು.

ರಾಯಚೂರು ಎಪಿಎಂಸಿಯ ಹತ್ತಿ ದಲಾಲಿ ಅಂಗಡಿಯನ್ನೇ ತಗೊಳ್ಳಿ. ದರ ಏರಲಿ ಇಳಿಯಲಿ, ಕಮಿಷನ್ ಹುಟ್ಟುವುದು ಮಾಲು ಕೈ ಬದಲಾದಾಗ. ರೈತರು ಹತ್ತಿ ಮನೆಯಲ್ಲೇ ಇಟ್ಟುಕೊಂಡರೆ ತಕ್ಕಡಿಗೆ ಕೆಲಸವಿಲ್ಲ. ಬ್ಯಾಂಕಿನ ಟ್ರೇಡಿಂಗ್ ವಿಭಾಗವೂ ಹೀಗೇ: ಏರಿಳಿತ ಹೆಚ್ಚಿದರೆ ಗ್ರಾಹಕರ ವಹಿವಾಟು ಹೆಚ್ಚುತ್ತದೆ, ಕೊಳ್ಳುವ-ಮಾರುವ ದರಗಳ ಅಂತರವೂ ಅಗಲವಾಗುತ್ತದೆ. ಸ್ವಂತ ದಾಸ್ತಾನು ಇಟ್ಟುಕೊಂಡಾಗ ದರ ಕುಸಿದರೆ ಹೊಡೆತ.

ಶುಲ್ಕದ ವಿಭಾಗದ್ದು ಉಲ್ಟಾ ಲೆಕ್ಕ. ಐಪಿಒ (ಕಂಪನಿ ಮೊದಲ ಬಾರಿ ಜನರಿಗೆ ಷೇರು ಮಾರುವುದು), ಕಂಪನಿ ವಿಲೀನಗಳಿಗೆ ನೆಮ್ಮದಿಯ ಮಾರುಕಟ್ಟೆ ಬೇಕು. 2022ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿದರವನ್ನು ಸೊನ್ನೆಯ ಹತ್ತಿರದಿಂದ 4.25–4.50%ಗೆ ಒಯ್ದಿತು, ಐಪಿಒಗಳು ಬತ್ತಿದವು. ಅಲ್ಲಿನ ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್‌ನ ನಿವ್ವಳ ಲಾಭ 2021ರ ಸುಮಾರು 2,160 ಕೋಟಿ ಡಾಲರ್‌ನಿಂದ ಸುಮಾರು 1,130 ಕೋಟಿಗೆ ಇಳಿಯಿತು. ವಿಚಿತ್ರವೆಂದರೆ ಅದೇ ವರ್ಷ ಅದರ ಬಾಂಡ್, ಕರೆನ್ಸಿ, ಸರಕು ವಹಿವಾಟಿನ ಆದಾಯ ಏರಿತ್ತು. ಲಾಭವನ್ನಷ್ಟೇ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ವರದಿ ಓದುವಾಗ ಹಿಂದಿನ ತ್ರೈಮಾಸಿಕಕ್ಕಲ್ಲ, ಕಳೆದ ವರ್ಷದ ಅದೇ ತ್ರೈಮಾಸಿಕಕ್ಕೆ ಹೋಲಿಸಿ. ಜನವರಿ-ಮಾರ್ಚ್ ಟ್ರೇಡಿಂಗ್‌ಗೆ ಸಾಮಾನ್ಯವಾಗಿ ಸುಗ್ಗಿ. ಸುಗ್ಗಿಯ ಆವಕವನ್ನು ಜೂನ್ ತಿಂಗಳಿನದಕ್ಕೆ ಯಾರು ಹೋಲಿಸುತ್ತಾರೆ? ವಿಲೀನದ ಶುಲ್ಕದ ದೊಡ್ಡ ಪಾಲು ವ್ಯವಹಾರ ಮುಗಿದ ಮೇಲಷ್ಟೇ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಈ ಸಾಲು ತೋರಿಸುವುದು ಕೆಲವು ತಿಂಗಳ ಹಿಂದಿನ ಮಾರುಕಟ್ಟೆ. ಮುಂದಿನದು ಬೇಕಿದ್ದರೆ ಕೈಯಲ್ಲಿರುವ, ಇನ್ನೂ ಮುಗಿಯದ ವ್ಯವಹಾರಗಳ ಬಗ್ಗೆ ಬ್ಯಾಂಕ್ ಏನು ಹೇಳಿದೆ ನೋಡಿ. ಸಾಲ ಮುಳುಗಬಹುದೆಂದು ತೆಗೆದಿಟ್ಟ ಮೊತ್ತ ಏರಿದ್ದರೆ ಅದನ್ನೂ ಗಮನಿಸಿ.