ಶಾಂಪೂಗೆ ಕಡಿಮೆ, ಕಂಡೀಷನರ್‌ಗೆ ಜಾಸ್ತಿ

ಧಾರವಾಡಕ್ಕೆ ಬಂದ ಮೇಲೆ ಬೋರ್‌ವೆಲ್ ನೀರಿಗೆ ಕೂದಲು ಒರಟಾಗಿದೆ, ತಿಂಗಳಿಗೆ 500 ರೂಪಾಯಿ ಇದೆ, ದುಬಾರಿ ಶಾಂಪೂ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ ಅಕ್ಕಾ. ಶಾಂಪೂ ತಲೆಯ ಮೇಲೆ ಇರುವುದೇ ಎರಡು ನಿಮಿಷ. ಕೊಳೆ, ಜಿಡ್ಡು ತೆಗೆಯಲು ಕಡಿಮೆ ಬೆಲೆಯದೂ ಸಾಕು.

ತೊಂದರೆ ಇರುವುದು ನೀರಿನಲ್ಲಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿಗೆ ಅಂಟಿಕೊಳ್ಳುತ್ತವೆ. ನಾನು ವಿದ್ಯಾಗಿರಿಯಲ್ಲಿ ಬಾಡಿಗೆಗಿದ್ದಾಗ ಇದನ್ನೇ ಅನುಭವಿಸಿದ್ದೆ. ನಲ್ಲಿಗೆ ಮಲಪ್ರಭೆ ನೀರು ಬಂದ ದಿನ ಎರಡು ಕೊಡ ಬೇರೆ ಹಿಡಿದಿಡುತ್ತಿದ್ದೆ. ತಲೆಗೆ ಎರೆದುಕೊಂಡು ಕೊನೆಗೆ ಅದನ್ನೇ ಸುರಿದುಕೊಳ್ಳುತ್ತಿದ್ದೆ. ಪೈಸೆ ಖರ್ಚಿಲ್ಲ, ವ್ಯತ್ಯಾಸ ಕೈಗೇ ಗೊತ್ತಾಗುತ್ತಿತ್ತು ನೋಡ್ರಿ.

ದುಡ್ಡು ಹಾಕುವುದಿದ್ದರೆ ಒಳ್ಳೆಯ ಕಂಡೀಷನರ್‌ಗೆ ಹಾಕಿ. ಬುಡಕ್ಕೆ ಬೇಡ, ಕಿವಿಯಿಂದ ಕೆಳಗಿನ ಕೂದಲಿಗೆ ಸಾಕು. ಘಮಘಮ ಎಣ್ಣೆ ಬಾಟಲಿ ಬಿಡಿ. ಗಾಣದ ಕೊಬ್ಬರಿ ಎಣ್ಣೆಯನ್ನು ಹಿಂದಿನ ರಾತ್ರಿ ಹಚ್ಚಿ. ಅದು ಕೂದಲ ಒಳಗೆ ಇಳಿದು ಪ್ರೋಟೀನ್ ನಷ್ಟ ಕಡಿಮೆ ಮಾಡುತ್ತದೆ. ಸೀರಮ್ ಸದ್ಯಕ್ಕೆ ಬೇಡ.

ಕೂದಲು ಜಾಸ್ತಿ ಉದುರುತ್ತಿದ್ದರೆ ಮಾತ್ರ ಇದ್ಯಾವುದನ್ನೂ ಕೊಳ್ಳಬೇಡಿ. ಆ ತಿಂಗಳ ದುಡ್ಡು ಚರ್ಮದ ಡಾಕ್ಟರ್‌ಗೆ ಇಡಿ. ಕಬ್ಬಿಣದ ಅಂಶ ಕಡಿಮೆಯಾದರೂ, ಥೈರಾಯ್ಡ್ ಇದ್ದರೂ ಹಾಗಾಗುತ್ತದೆ.