ಊರಿನ ಚರಿತ್ರೆ ಬರೆಯುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಜರ್ಮನಿಯಲ್ಲಿ ಎಷ್ಟೋ ಹಳ್ಳಿಗಳ ಚರಿತ್ರೆ ಬರೆದವರು ಅಲ್ಲಿನ ಶಾಲಾ ಮೇಷ್ಟ್ರುಗಳೇ ಎಂದು ಓದಿದೆ. ರಾಜ, ಕೋಟೆ ಏನೂ ಇಲ್ಲದ ಊರಿಗೆ ಅವರಿಗೆ ಸಾಮಗ್ರಿ ಎಲ್ಲಿ ಸಿಕ್ಕಿತು? ನಮ್ಮೂರಿನದನ್ನು ಬರೆಯಲು ಹೊರಟಿದ್ದೇನೆ.
– ನಿವೃತ್ತ ಶಿಕ್ಷಕರು, ಹೊಸನಗರ ತಾಲ್ಲೂಕು

ಉತ್ತರ: ಸಾಮಗ್ರಿ ಅವರ ಕೈಯಳತೆಯಲ್ಲೇ ಇತ್ತು, ಮೇಷ್ಟ್ರೇ. 19ನೇ ಶತಮಾನದ ಜರ್ಮನ್ ಹಳ್ಳಿಯ ಶಿಕ್ಷಕರು ಪಾಠ ಹೇಳುವುದಷ್ಟೇ ಅಲ್ಲ, ಬಹಳ ಕಡೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಗಂಟೆ ಹೊಡೆಯುತ್ತಿದ್ದರು, ಊರಿನ ಲೆಕ್ಕಪತ್ರವನ್ನೂ ಬರೆಯುತ್ತಿದ್ದರು. ದೀಕ್ಷಾಸ್ನಾನ, ಮದುವೆ, ಸಾವುಗಳ ಚರ್ಚ್ ಪುಸ್ತಕಗಳು ಹಲವು ಊರುಗಳಲ್ಲಿ 16–17ನೇ ಶತಮಾನದಿಂದಲೇ ಇವೆ. ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ ಸರ್ಕಾರಿ ಜನನ–ಮರಣ ನೋಂದಣಿ ಬಂದದ್ದು 1876ರಲ್ಲಿ. ಇದಲ್ಲದೆ, ಶಾಲೆಯ ದಿನಚರಿ ಪುಸ್ತಕವೊಂದನ್ನು ಶಿಕ್ಷಕರು ಇಡಲೇಬೇಕು ಎಂದು 1872ರಲ್ಲಿ ಜರ್ಮನಿಯ ದೊಡ್ಡ ರಾಜ್ಯವಾಗಿದ್ದ ಪ್ರಷ್ಯಾ ನಿಯಮ ಮಾಡಿತು. ಮಕ್ಕಳ ಸಂಖ್ಯೆ, ಮೇಷ್ಟ್ರ ವರ್ಗಾವಣೆಯ ಜೊತೆಗೆ ಆಲಿಕಲ್ಲು ಮಳೆ, ಸಾಂಕ್ರಾಮಿಕ ರೋಗ, ಯುದ್ಧಕ್ಕೆ ಹೋದವರ ಸುದ್ದಿಯೂ ಅದರಲ್ಲಿ ಸೇರುತ್ತಿತ್ತು.

ಕುಟುಂಬಕ್ಕೊಂದು ಚೀಟಿ ಮಾಡಿ ಮೂರೂ ಚರ್ಚ್ ಪುಸ್ತಕಗಳಿಂದ ಹೆಸರು ಇಳಿಸಿಕೊಳ್ಳುವುದು ಅವರ ಕ್ರಮ. ಎಡವುವುದೂ ಅಲ್ಲೇ. ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೂ ಅದೇ ಹೆಸರಿಡುವ ರೂಢಿಯಿತ್ತು. ಸಾವಿನ ಪುಸ್ತಕ ನೋಡದೆ ಜೋಡಿಸಿದರೆ ಇಬ್ಬರು ಒಬ್ಬರಾಗಿಬಿಡುತ್ತಾರೆ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದಲ್ಲ, ಹಾಗಾಗಿ ಚೀಟಿಯಲ್ಲಿ ಹೆಸರಿನ ಜೊತೆ ತಂದೆಯ ಹೆಸರು, ಮನೆಯ ಹೆಸರು ಎರಡೂ ಇರಲಿ.

ನೀವು ಶಾಲೆಯ ದಾಖಲಾತಿ ಪುಸ್ತಕದಿಂದ ಶುರುಮಾಡಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಅಲ್ಲೇ ಕೂತು ಬರೆದುಕೊಳ್ಳಿ, ಪುಸ್ತಕ ಮನೆಗೆ ಬರಬಾರದು. ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಈ ಮೂರು ಕಲಮುಗಳು ಬಂಗಾರ: ಅಣೆಕಟ್ಟಿನ ಮುಳುಗಡೆಗೆ ಊರು ಬಿಟ್ಟವರ ಜಾಡು ಇಲ್ಲಿ ಸಿಗಬಹುದು. ಹುಟ್ಟಿದ ದಿನಾಂಕವನ್ನು ಮಾತ್ರ ಪೂರ್ತಿ ನಂಬಬೇಡಿ. ಸಾಲುಸಾಲಾಗಿ ಜೂನ್ 1 ಕಂಡರೆ ಅದು ಶಾಲೆಗೆ ಸೇರಿಸಲು ವಯಸ್ಸು ಹೊಂದಿಸಿದ ತಾರೀಖು.

ಆಮೇಲೆ ಗ್ರಾಮ ನಕ್ಷೆ ಮತ್ತು ಪಹಣಿ. ‘ಬೇಚರಾಕ್’ ಎಂದು ಬರೆದ ಗ್ರಾಮ ಅಂದರೆ ಜನವಸತಿ ಇಲ್ಲದ ಗ್ರಾಮ; ಅದರ ಗದ್ದೆ, ಬ್ಯಾಣ (ಹುಲ್ಲುಗಾವಲು), ಕೆರೆಗಳ ಹೆಸರನ್ನು ಹಿರಿಯರಿಂದ ಕೇಳಿ ಸರ್ವೆ ನಂಬರಿನ ಎದುರು ಬರೆಯಿರಿ. ಶಾಸನಗಳಿಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಪುಟಮಾಲೆಯ ಹಳೆಯ ಆವೃತ್ತಿಯ 8ನೇ ಸಂಪುಟ ನೋಡಿ. ಬಿ.ಎಲ್. ರೈಸ್ 1904ರಲ್ಲಿ ಹೊರತಂದದ್ದು. ಅದರಲ್ಲಿ ನಿಮ್ಮ ತಾಲ್ಲೂಕನ್ನು ‘ನಗರ’ ಎಂಬ ಹೆಸರಿನಲ್ಲೇ ಹುಡುಕಬೇಕು.

ಒಂದು ಮಾತು ಒತ್ತಿ ಹೇಳಬೇಕು. 1933ರ ನಂತರ ಅದೇ ಚರ್ಚ್ ಪುಸ್ತಕಗಳನ್ನು, ವಂಶದಲ್ಲಿ ಯೆಹೂದಿಗಳಿಲ್ಲ ಎಂದು ರುಜುವಾತು ಮಾಡಿಸಲು ನಾಜಿ ಆಡಳಿತ ಬಳಸಿತು. ವಂಶಾವಳಿ ಒಬ್ಬರನ್ನು ಹೊರಗಿಡುವ ಆಯುಧವೂ ಆಗುತ್ತದೆ. ನಿಮ್ಮ ಪುಸ್ತಕದಲ್ಲಿ ದೊಡ್ಡ ಮನೆಗಳಷ್ಟೇ ಇದ್ದು, ಕೇರಿಯವರು, ಒಕ್ಕಲುಗಳು, ಜೀತಕ್ಕಿದ್ದವರು ಇಲ್ಲದಿದ್ದರೆ ಅದು ಊರಿನ ಚರಿತ್ರೆ ಅಲ್ಲ. ಅವರಿಗೆ ಕಾಗದ ಕಡಿಮೆ ಇರುವುದರಿಂದ ಮೊದಲ ಭೇಟಿ ಅವರ ಮನೆಗೇ ಆಗಲಿ. ಹೇಳಿದವರು, ಅವರ ವಯಸ್ಸು, ಹೇಳಿದ ದಿನ ಬರೆದಿಡಿ.

ಪ್ರಶ್ನೆ: ಶಾಸನದ ಶಕವರ್ಷಕ್ಕೂ ಸಂವತ್ಸರಕ್ಕೂ ತಾಳೆ ಹೇಗೆ?
– ಓದುಗರು, ಸಾಗರ

ಉತ್ತರ: ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಪ್ರಭವದಿಂದ ಎಣಿಸಿದರೆ ಉಳಿದ ಶೇಷವೇ ಸಂವತ್ಸರದ ಕ್ರಮಸಂಖ್ಯೆ, ಶೇಷ ಸೊನ್ನೆಯಾದರೆ ಅಕ್ಷಯ. ಶಕ 1947ಕ್ಕೆ 12 ಕೂಡಿಸಿದರೆ 1959. ಶೇಷ 39, ವಿಶ್ವಾವಸು. ಶಾಸನದಲ್ಲಿರುವ ಹೆಸರು ಲೆಕ್ಕದಲ್ಲಿ ಬಂದದ್ದಕ್ಕಿಂತ ಒಂದು ಸ್ಥಾನ ಹಿಂದಿನದಾಗಿದ್ದರೆ ಶಾಸನದವರು ಗತವರ್ಷದ (ಮುಗಿದ ವರ್ಷದ) ಬದಲು ವರ್ತಮಾನ (ನಡೆಯುತ್ತಿರುವ) ವರ್ಷ ಬರೆದಿರಬಹುದು, ಶಕವರ್ಷದಲ್ಲಿ ಒಂದು ಕಳೆದು ನೋಡಿ. ಅದಕ್ಕೂ ಹೆಚ್ಚು ವ್ಯತ್ಯಾಸ ಬಂದರೆ ಅಂಕಿ ಓದುವುದರಲ್ಲೇ ತಪ್ಪಿರುವ ಸಾಧ್ಯತೆ ಹೆಚ್ಚು, ಕಲ್ಲಿನ ಬಳಿಗೆ ಮತ್ತೆ ಹೋಗಿ. ಗತ ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಮಾಘ, ಫಾಲ್ಗುಣದ ಶಾಸನಕ್ಕೆ ಸಾಮಾನ್ಯವಾಗಿ 79.

ಪ್ರಶ್ನೆ: ಪಾಚಿ ಹಿಡಿದ ವೀರಗಲ್ಲನ್ನು ಓದಲು ಅಕ್ಷರಕ್ಕೆ ಸುಣ್ಣ ಹಚ್ಚಬಹುದೇ?
– ತೀರ್ಥಹಳ್ಳಿಯ ಓದುಗರು

ಉತ್ತರ: ಬೇಡ. ಸುಣ್ಣ, ಎಣ್ಣೆ, ಬಣ್ಣ ಯಾವುದೂ ಬೇಡ. ನೀವು ಹಚ್ಚಿದ ಗೆರೆಯೇ ಮುಂದೆ ಅಕ್ಷರವಾಗಿ ಕಾಣುತ್ತದೆ, ತಪ್ಪು ಓದು ಖಾಯಂ ಆಗುತ್ತದೆ. ಆಸಿಡ್, ತಂತಿ ಬ್ರಶ್ ಕಲ್ಲಿನ ಮೈಯನ್ನೇ ಕೀಳುತ್ತವೆ. ನೀರು ಚಿಮುಕಿಸಿ ಮೆತ್ತನೆಯ ತೆಂಗಿನ ನಾರಿನಿಂದ ಮೇಲಿನ ಮಣ್ಣು, ಸಡಿಲ ಪಾಚಿ ತೆಗೆದರೆ ಸಾಕು. ಗಟ್ಟಿಯಾಗಿ ಅಂಟಿದ್ದನ್ನು ಕೆರೆಯಬೇಡಿ. ಮಳೆಗಾಲ ಕಳೆದ ಮೇಲೆ, ಕತ್ತಲಾದ ನಂತರ ಹೋಗಿ ಟಾರ್ಚನ್ನು ಕಲ್ಲಿಗೆ ಬಹುತೇಕ ತಾಗುವಂತೆ ಪಕ್ಕದಿಂದ ಹಿಡಿಯಿರಿ. ಎಡ, ಬಲ, ಮೇಲೆ, ಕೆಳಗೆ ಹೀಗೆ ನಾಲ್ಕು ದಿಕ್ಕಿನಿಂದ ಬೆಳಕು ಬಿಟ್ಟು ನಾಲ್ಕು ಫೋಟೊ ತೆಗೆಯಿರಿ. ಒಂದರಲ್ಲಿ ಮಸುಕಾದ ಗೆರೆ ಇನ್ನೊಂದರಲ್ಲಿ ಎದ್ದು ಕಾಣುತ್ತದೆ. ಅಳತೆಪಟ್ಟಿ ಇಟ್ಟು ತೆಗೆದ ಐದನೆಯದೊಂದು ಇರಲಿ. ಕಲ್ಲು ವಾಲಿದ್ದರೂ ನೀವಾಗಿ ಎತ್ತಿ ನಿಲ್ಲಿಸಬೇಡಿ. ಅದು ಯಾವ ಕಡೆ ಮುಖಮಾಡಿದೆ, ಗದ್ದೆಯ ಬದುವಿನಿಂದ ಎಷ್ಟು ಅಡಿ ದೂರ ಎಂದು ಬರೆದು ಪುರಾತತ್ವ ಇಲಾಖೆಗೆ ತಿಳಿಸಿ.