34ನೇ ವಯಸ್ಸಿನಲ್ಲಿ ಇಂಗ್ಲಿಷ್ ವ್ಯಾಕರಣ: ಎಲ್ಲಿಂದ ಹಿಡಿಯಬೇಕು?

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು 34, ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ, ಆರು ವರ್ಷದಿಂದ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಕೆಲಸ. ಇಂಗ್ಲಿಷ್ ವ್ಯಾಕರಣವನ್ನು ಮೊದಲಿನಿಂದ ಕಲಿಯಬೇಕು, ಹನ್ನೆರಡು ಕಾಲಗಳ ಪಟ್ಟಿಯನ್ನು ಬಾಯಿಪಾಠ ಮಾಡಲೇಬೇಕೆ ಎಂದು ಕೇಳಿದ್ದೀರಿ. ಕೊನೆಯಲ್ಲಿ ಧೈರ್ಯ ಮಾಡಿ ಒಂದು ಇಂಗ್ಲಿಷ್ ವಾಕ್ಯವನ್ನೂ ಬರೆದಿದ್ದೀರಿ: 'ಐ ಆಮ್ ವರ್ಕ್ ಇನ್ ಶಾಪ್ ಸಿನ್ಸ್ ಸಿಕ್ಸ್ ಇಯರ್ಸ್.' ಆ ವಾಕ್ಯವನ್ನು ನೋಡಿಯೇ ನಾನು ಉತ್ತರ ಬರೆಯಲು ಕುಳಿತದ್ದು. ಅದರಲ್ಲಿ ಮೂರು ತಪ್ಪುಗಳಿವೆ. ಮೂರೂ ಕನ್ನಡದಲ್ಲಿ ಸರಿಯಾಗಿ ಯೋಚಿಸಿದ್ದರಿಂದ ಆದ ತಪ್ಪುಗಳು. ನಾನೂ ಅವನ್ನೇ ವರ್ಷಗಟ್ಟಲೆ ಮಾಡಿದ್ದೇನೆ.

ಮೊದಲು ನನ್ನ ಕಥೆ. ಆಗ ನನಗೆ 37. ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ದಾರ, ಗುಂಡಿ, ಜಿಪ್ಪುಗಳ ಲೆಕ್ಕ ನೋಡುತ್ತಿದ್ದೆ. ದಾರ ಬರುತ್ತಿದ್ದುದು ತಿರುಪ್ಪೂರಿನಿಂದ. ಅವರಿಗೆ ಕನ್ನಡ ಬಾರದು, ನನಗೆ ತಮಿಳು ಬಾರದು. ಹಾಗಾಗಿ ನಡುವೆ ಇಂಗ್ಲಿಷ್. ಒಮ್ಮೆ ಬಣ್ಣ ಹೊಂದದ ಆರು ಪೆಟ್ಟಿಗೆಗಳನ್ನು ವಾಪಸ್ ಕಳಿಸಿ, 'ವಿ ಆರ್ ರಿಟರ್ನ್ ಸಿಕ್ಸ್ ಬಾಕ್ಸ್' ಎಂದು ಇಮೇಲ್ ಹಾಕಿದೆ. ನಾಲ್ಕು ದಿನ ಬಿಟ್ಟು ಅವರಿಂದ ಫೋನ್ ಬಂತು: ಕಳಿಸಿದ್ದೀರೋ, ಕಳಿಸುತ್ತೀರೋ? ಪೆಟ್ಟಿಗೆಗಳು ಅವರ ಊರಿನ ಟ್ರಾನ್ಸ್‌ಪೋರ್ಟ್ ಗೋದಾಮಿನಲ್ಲೇ ಬಿದ್ದಿದ್ದವು. ನಾವು ಇನ್ನೂ ಕಳಿಸಿಲ್ಲ ಎಂದುಕೊಂಡು ಅವರು ಸುಮ್ಮನಿದ್ದರು. ಗೋದಾಮಿನ ಬಾಡಿಗೆಯ ಲೆಕ್ಕ ನನ್ನ ಮೇಜಿಗೆ ಬಂದ ದಿನ, ವ್ಯಾಕರಣ ಎಂಬುದು ಪರೀಕ್ಷೆಯ ಅಂಕಗಳಿಗಷ್ಟೇ ಇರುವ ವಸ್ತುವಲ್ಲ ಎಂದು ಅರಿವಾಯಿತು.

ಮರುವಾರವೇ ಒಂದು ಕೋಚಿಂಗ್ ಸೆಂಟರಿಗೆ ಸೇರಿದೆ. ಮೊದಲ ದಿನವೇ ಕಪ್ಪು ಹಲಗೆಯ ತುಂಬ ಹನ್ನೆರಡು ಮನೆಗಳ ಪಟ್ಟಿ. 'ಐ ಶಲ್ ಹ್ಯಾವ್ ಬೀನ್ ಗೋಯಿಂಗ್' ಎಂದು ಇಪ್ಪತ್ತು ಜನ ಒಟ್ಟಿಗೆ ಮಗ್ಗಿ ಹೇಳಿದಂತೆ ಹೇಳಿದೆವು. ಮೂರು ವಾರಕ್ಕೆ ಬಿಟ್ಟುಬಂದೆ. ಈ ಹತ್ತು ವರ್ಷಗಳಲ್ಲಿ ಆ ವಾಕ್ಯವನ್ನು ಒಮ್ಮೆಯೂ ಬಳಸುವ ಸಂದರ್ಭ ನನಗೆ ಬಂದಿಲ್ಲ. ಆದ್ದರಿಂದ ನಿಮ್ಮ ನೇರ ಪ್ರಶ್ನೆಗೆ ನೇರ ಉತ್ತರ: ಪಟ್ಟಿ ಬೇಡ. ಬರುತ್ತೇನೆ, ಬರುತ್ತಿದ್ದೇನೆ, ಬಂದೆ, ಬಂದಿದ್ದೇನೆ, ಬರುವೆನು, ಈ ಐದನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಹೇಳಲು ಬಂದರೆ ಅಂಗಡಿಯ ವ್ಯವಹಾರ ಬಹುಪಾಲು ನಡೆಯುತ್ತದೆ.

ನನಗೆ ದಾರಿ ತೋರಿಸಿದ್ದು ಕನ್ನಡವೇ. 'ಡಿಡ್' ಪದದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮಂಥವರು ಹೆಚ್ಚಾಗಿ ಎಡವುವುದು ಅಲ್ಲೇ. 'ದಾರ ಬಂತು' ಎಂಬುದಕ್ಕೆ 'ದಿ ಥ್ರೆಡ್ ಕೇಮ್'. ಸರಿ. 'ದಾರ ಬರಲಿಲ್ಲ' ಎನ್ನಲು ನಾನು 'ಥ್ರೆಡ್ ನಾಟ್ ಕೇಮ್' ಎಂದು ಬರೆಯುತ್ತಿದ್ದೆ. ಯಾರೋ ತಿದ್ದಿದ ಮೇಲೆ 'ಡಿಡ್ ನಾಟ್ ಕೇಮ್' ಎಂದು ಬರೆಯತೊಡಗಿದೆ. ಅದೂ ತಪ್ಪು, 'ಡಿಡ್ ನಾಟ್ ಕಮ್' ಎನ್ನಬೇಕು ಎಂದರು. ನಿನ್ನೆಯ ಮಾತಿಗೆ 'ಕಮ್' ಏಕೆ ಎಂದು ಕೇಳಿದರೆ ರೂಲ್ ಹಾಗಿದೆ ಎಂಬ ಉತ್ತರ.

ಒಂದು ರಾತ್ರಿ ಪಾಳಿಯಲ್ಲಿ ಕುಳಿತು 'ಬರಲಿಲ್ಲ' ಎಂಬ ಪದವನ್ನೇ ಬಿಡಿಸಿ ನೋಡಿದೆ. ಬರಲು ಮತ್ತು ಇಲ್ಲ. ನಾನು ಬಂದೆ, ಅವನು ಬಂದನು, ಅವರು ಬಂದರು. ಆದರೆ ನಾನು ಬರಲಿಲ್ಲ, ಅವನು ಬರಲಿಲ್ಲ, ಅವರು ಬರಲಿಲ್ಲ. ನಿಷೇಧ ಬಂದ ಕೂಡಲೇ ನಮ್ಮ ಕ್ರಿಯಾಪದವೂ ತನ್ನ ಕಾಲವನ್ನು ಕಳಚಿಟ್ಟು ಬರಿಮೈಯಲ್ಲಿ ನಿಲ್ಲುತ್ತದೆ! 'ಬಂದಲಿಲ್ಲ' ಎಂದು ಮೂರು ವರ್ಷದ ಮಗು ಹೇಳಿದರೆ ನಾವು ನಗುತ್ತೇವೆ. 'ಡಿಡ್ ನಾಟ್ ಕೇಮ್' ಎಂದರೆ ಇಂಗ್ಲಿಷಿನವರ ಕಿವಿಗೆ ಕೇಳಿಸುವುದು ಆ 'ಬಂದಲಿಲ್ಲ'ವೇ. ಕಾಲವನ್ನು 'ಡಿಡ್' ಹೊತ್ತುಕೊಂಡಿದೆ, ಆದ್ದರಿಂದ 'ಕಮ್' ಖಾಲಿ ಕೈಯಲ್ಲಿ ನಡೆಯುತ್ತದೆ. ಅಂದಿನಿಂದ ಆ ತಪ್ಪು ನನ್ನ ಕೈಯಿಂದ ಆಗಿಲ್ಲ.

'ಹಿ ಡಸ್ ನಾಟ್ ವರ್ಕ್' ಎಂಬುದೂ ಇದೇ ಲೆಕ್ಕ. 'ಹಿ ವರ್ಕ್ಸ್' ಎನ್ನುವಾಗ ಕೊನೆಯಲ್ಲಿ ಒಂದು 'ಎಸ್' ಇರುತ್ತದೆ. ನಾಟ್ ಬಂದಾಗ ಆ 'ಎಸ್' ಅನ್ನು 'ಡಸ್' ಕಿತ್ತುಕೊಳ್ಳುತ್ತದೆ. ಇರುವುದು ಒಂದೇ, ಇಬ್ಬರಿಗೆ ಹಂಚಲಾಗದು. ಪ್ರಶ್ನೆ ಕೇಳುವಾಗ ಮಾತ್ರ ಕನ್ನಡ ಕೈಕೊಡುತ್ತದೆ. ನಾವು 'ಬಂತೇ?' ಎಂದು ಬಾಲ ಹಚ್ಚಿ ಮುಗಿಸುತ್ತೇವೆ. ಅವರು 'ಡಿಡ್' ಅನ್ನು ವಾಕ್ಯದ ತಲೆಗೆ ಒಯ್ಯುತ್ತಾರೆ: 'ಡಿಡ್ ದಿ ಥ್ರೆಡ್ ಕಮ್?' ಇದಕ್ಕೆ ಅಭ್ಯಾಸವೊಂದೇ ಮದ್ದು.

ಆ 'ಎಸ್' ಬಗ್ಗೆ ಗೊಣಗುವವರಿಗೆ ನಾನು ಹೇಳುವುದುಂಟು: ಬರುತ್ತೇನೆ, ಬರುತ್ತೇವೆ, ಬರುತ್ತೀಯ, ಬರುತ್ತೀರಿ, ಬರುತ್ತಾನೆ, ಬರುತ್ತಾಳೆ, ಬರುತ್ತಾರೆ, ಬರುತ್ತದೆ, ಬರುತ್ತವೆ. ಒಂಬತ್ತು ರೂಪಗಳು, ಎಲ್ಲವೂ ನಮಗೆ ನಿದ್ದೆಯಲ್ಲೂ ಬರುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ಸೇರಿ ಎರಡೇ, 'ಕಮ್' ಮತ್ತು 'ಕಮ್ಸ್'. ಹೀಗೆ ಕ್ರಿಯಾಪದ ಬಡವಾಗಿರುವುದರಿಂದಲೇ ಅಲ್ಲಿ ಕರ್ತೃವನ್ನು ಬಿಡುವಂತಿಲ್ಲ. 'ನಾಳೆ ಬರುತ್ತೇನೆ' ಎಂದರೆ ನಮಗೆ ಸಾಕು, ಬರುವವನು ಯಾರೆಂದು ಕ್ರಿಯಾಪದವೇ ಹೇಳುತ್ತದೆ. ಅಲ್ಲಿ 'ಐ' ಬೇಕೇ ಬೇಕು. ಮಳೆ ಸುರಿದರೂ 'ಇಟ್ ಈಸ್ ರೈನಿಂಗ್' ಎಂದು ಯಾರೋ ಒಬ್ಬನನ್ನು ಮುಂದೆ ನಿಲ್ಲಿಸುತ್ತಾರೆ.

ಇನ್ನು 'ನನಗೆ'. ನನಗೆ ಗೊತ್ತು, ನನಗೆ ಬೇಕು, ನನಗೆ ಹಸಿವಾಗಿದೆ, ನನಗೆ ಜ್ವರ, ನನಗೆ ಇಬ್ಬರು ಮಕ್ಕಳು. ಇಂಗ್ಲಿಷಿಗೆ ಹೋದ ಕೂಡಲೇ ಈ 'ನನಗೆ'ಗಳೆಲ್ಲ 'ಐ' ಆಗುತ್ತವೆ: ಐ ನೋ, ಐ ವಾಂಟ್, ಐ ಆಮ್ ಹಂಗ್ರಿ, ಐ ಹ್ಯಾವ್ ಎ ಫೀವರ್, ಐ ಹ್ಯಾವ್ ಟು ಚಿಲ್ಡ್ರನ್. ಎಲ್ಲಿ 'ಆಮ್', ಎಲ್ಲಿ 'ಹ್ಯಾವ್' ಎಂಬುದಕ್ಕೆ ಸೂತ್ರ ಹುಡುಕಬೇಡಿ. ದಿನಬಳಕೆಯ ಹದಿನೈದಿಪ್ಪತ್ತು ವಾಕ್ಯಗಳನ್ನು ಇಡಿಯಾಗಿ ನೆನಪಿಟ್ಟರೆ ಸಾಕು. ಬಾಯಿಪಾಠ ಮಾಡುವುದಿದ್ದರೆ ಇವನ್ನು ಮಾಡಿ. ಗೋ-ವೆಂಟ್-ಗಾನ್ ತರಹದ ಕ್ರಿಯಾಪದಗಳನ್ನೂ ದಿನಕ್ಕೆ ಎರಡರಂತೆ ಮಾಡಬೇಕಾಗುತ್ತದೆ, ಅದರಿಂದ ತಪ್ಪಿಸಿಕೊಳ್ಳುವ ಉಪಾಯ ನನಗಂತೂ ಸಿಕ್ಕಿಲ್ಲ.

ಶಾಲೆಯಲ್ಲಿ ಕಲಿತ ವಿಭಕ್ತಿ ಪ್ರತ್ಯಯಗಳು ನೆನಪಿವೆಯೇ? ಅಲ್ಲಿ ನಮ್ಮದು ಒಂದು, ಅವರದು ಮೂರು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಬಸ್ ನಿಲ್ದಾಣದಲ್ಲಿ ಎಂದು ಸಪ್ತಮಿ ಒಂದೇ ಎಲ್ಲವನ್ನೂ ನಿಭಾಯಿಸುತ್ತದೆ. ಅವರಿಗೆ 'ಇನ್ ದಿ ಶಾಪ್', 'ಆನ್ ದಿ ಬಸ್', 'ಅಟ್ ದಿ ಬಸ್ ಸ್ಟಾಪ್'. ಇದರಲ್ಲಿ ತಪ್ಪಿದರೂ ಅರ್ಥ ಕೆಡುವುದು ಕಡಿಮೆ, ಹಾಗಾಗಿ ಮೊದಲ ಮೂರು ತಿಂಗಳು ತಲೆ ಕೆಡಿಸಿಕೊಳ್ಳಬೇಡಿ. 'ಎ' ಮತ್ತು 'ದಿ' ಗೊಂದಲವೂ ಅಷ್ಟೇ. 'ಒಬ್ಬ ಗಿರಾಕಿ ಬಂದಿದ್ದ' ಎಂದು ಶುರು ಮಾಡಿ, ಮುಂದಿನ ಮಾತಿನಲ್ಲಿ 'ಆ ಗಿರಾಕಿ' ಎನ್ನುತ್ತೇವಲ್ಲ, ಸುಮಾರಾಗಿ ಅದೇ ವ್ಯತ್ಯಾಸ. ನನ್ನ ಮಗಳು ಈಗಲೂ ನನ್ನ ಪತ್ರಗಳಲ್ಲಿ 'ದಿ' ಸೇರಿಸುತ್ತಿರುತ್ತಾಳೆ.

ಅಭ್ಯಾಸ ಹೇಗೆ ಮಾಡಿದೆ ಎಂದರೆ, ಹಳೆಯ ಲೆಡ್ಜರಿನ ಖಾಲಿ ಹಾಳೆಗಳಲ್ಲಿ. ಆ ದಿನ ನಿಜವಾಗಿ ನಡೆದ ಒಂದು ಸಂಗತಿ, ಮೂರು ಸಾಲು: ಆಯಿತು, ಆಗಲಿಲ್ಲ, ಆಯಿತೇ. 'ದಿ ಲಾರಿ ಕೇಮ್ ಅಟ್ ನೈನ್. ದಿ ಲಾರಿ ಡಿಡ್ ನಾಟ್ ಕಮ್ ಅಟ್ ನೈನ್. ಡಿಡ್ ದಿ ಲಾರಿ ಕಮ್ ಅಟ್ ನೈನ್?' ಇಷ್ಟೇ. ಹತ್ತು ನಿಮಿಷ ಸಾಕು. ಪುಸ್ತಕದಲ್ಲಿ ಬರುವ ರಾಮ ಮಾವು ತಿಂದರೇನು, ಬಿಟ್ಟರೇನು. ನಿಮ್ಮ ಅಂಗಡಿಗೆ ವೈರ್ ಬಂಡಲ್ ಬಂತೋ ಇಲ್ಲವೋ ಎಂಬುದು ನಿಮಗೆ ಮುಖ್ಯ, ಆದ್ದರಿಂದ ಅದು ನೆನಪಿನಲ್ಲಿ ಉಳಿಯುತ್ತದೆ. ಮೊಬೈಲಿನ ಅನುವಾದವನ್ನು ನೀವು ಬರೆದ ಮೇಲೆ ತಾಳೆ ನೋಡಲು ಬಳಸಿ. ಮೊದಲೇ ತೆರೆದರೆ ಬರೆದದ್ದು ಅದು, ನಕಲು ಮಾಡಿದ್ದು ನೀವು. ನನಗೆ ಯಾರನ್ನೂ ಕೇಳದೆ ತಿರುಪ್ಪೂರಿಗೆ ಇಮೇಲ್ ಬರೆಯಲು ಎಂಟು ತಿಂಗಳು ಹಿಡಿಯಿತು. ಮಾತನಾಡುವ ಧೈರ್ಯ ಬಂದದ್ದು ಅದಕ್ಕಿಂತ ಬಹಳ ತಡವಾಗಿ.

ಈಗ ನಿಮ್ಮ ವಾಕ್ಯ. 'ಕೆಲಸ ಮಾಡುತ್ತಿದ್ದೇನೆ' ಎಂಬುದರಲ್ಲಿರುವ 'ಇದ್ದೇನೆ' ನಿಮ್ಮಿಂದ 'ಆಮ್' ಬರೆಸಿತು. 'ಅಂಗಡಿಯಲ್ಲಿ' ಎಂಬುದಕ್ಕೆ 'ಎ' ಬೇಕೆಂದು ಕನ್ನಡ ಹೇಳಲಿಲ್ಲ. 'ಆರು ವರ್ಷದಿಂದ' ಎಂಬ 'ಇಂದ' ಪ್ರತ್ಯಯವು 'ಸಿನ್ಸ್' ತಂದಿತು. ನಾವು 'ಆರು ವರ್ಷದಿಂದ' ಎನ್ನುತ್ತೇವೆ, '2019ರಿಂದ' ಎಂದೂ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಎಷ್ಟು ಕಾಲ ಎಂಬ ಉದ್ದಕ್ಕೆ 'ಫಾರ್', ಯಾವಾಗ ಶುರುವಾಯಿತು ಎಂಬುದಕ್ಕೆ 'ಸಿನ್ಸ್'. ಇನ್ನು, ಹಿಂದೆ ಶುರುವಾಗಿ ಇಂದಿಗೂ ನಡೆಯುತ್ತಿರುವ ಕೆಲಸಕ್ಕೆ ಬರಿಯ 'ಆಮ್' ಸಾಲದು, 'ಹ್ಯಾವ್ ಬೀನ್' ಬೇಕು. ಹಾಗಾಗಿ: 'ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ಎ ಶಾಪ್ ಫಾರ್ ಸಿಕ್ಸ್ ಇಯರ್ಸ್.'

ಇದರ 'ಅಲ್ಲ' ರೂಪವನ್ನೂ ಪ್ರಶ್ನೆಯ ರೂಪವನ್ನೂ ಇಂದು ರಾತ್ರಿ ನೀವೇ ಬರೆದು ಕೆಳಗೆ ಹಾಕಿ. ಒಂದು ಸುಳಿವು: ಇಲ್ಲಿ 'ಡಿಡ್' ಬೇಕಾಗುವುದಿಲ್ಲ, 'ಹ್ಯಾವ್' ತಾನೇ ಎದ್ದು ಮುಂದೆ ಹೋಗುತ್ತದೆ. ನಾಳೆ ಪಾಳಿ ಮುಗಿಸಿ ಬಂದು ನೋಡುತ್ತೇನೆ.